ಕೋಳಿಮರಿ ಗಾಡಿಯ ಕಪ್ಪು ಕೇಬಲ್

ವೇಣಿ ಪಿಕಪ್ ಓಡಿಸಲು ಶುರುಮಾಡಿ ಮೂರು ವರ್ಷವಾಗಿತ್ತು. ಅದಕ್ಕೆ ಮೊದಲು ಹದಿಮೂರು ವರ್ಷ ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಗಾಡಿಗಳ ವೈರಿಂಗ್ ಕಟ್ಟುವ ಕೆಲಸ ಮಾಡಿದವಳು. ಅಣ್ಣ ನರೇಶ್ ಬೆನ್ನಿನ ಆಪರೇಷನ್ ಆಗಿ ಮಲಗಿದಾಗ ಅವನ ಗಾಡಿ ಮನೆ ಮುಂದೆ ಧೂಳು ತಿನ್ನುತ್ತಾ ನಿಂತಿತ್ತು. "ಮಾರ್ಬಿಡೋಣ ಕಣೇ" ಎಂದ ಅವನು. "ಯಾಕೆ, ನಾನಿಲ್ವಾ?" ಎಂದಳು. ಹೆಬ್ಬಗೋಡಿಯ ಹಳೇ ಊರಿನಲ್ಲಿ ಒಂದಷ್ಟು ದಿನ ಅದೇ ಮಾತಾಯಿತು, ಆಮೇಲೆ ಜನ ಮರೆತರು. ಅತ್ತಿಬೆಲೆ ಹತ್ತಿರದ ಹ್ಯಾಚರಿಯಿಂದ ಒಂದು ದಿನದ ಕೋಳಿಮರಿಗಳನ್ನು ಫಾರಂಗಳಿಗೆ ತಲುಪಿಸುವ ಕೆಲಸ ಅವಳ ಕೈಹಿಡಿಯಿತು.

ಮರಿಗಳನ್ನು ಬಿಸಿಲೇರುವ ಮುಂಚೆಯೇ ಇಳಿಸಿಬಿಡಬೇಕು. ಗಾಡಿ ಓಡುತ್ತಿದ್ದರೆ ಪೆಟ್ಟಿಗೆಯ ತೂತುಗಳಿಂದ ಗಾಳಿಯಾಡುತ್ತದೆ. ನಿಂತರೆ ಒಳಗೆ ಕಾವು ಏರುತ್ತದೆ. ಏಪ್ರಿಲ್‌ನ ಒಂದು ಬೆಳಿಗ್ಗೆ ಎರಡು ಸಾವಿರ ಮರಿ ತುಂಬಿಸಿ ಕೀ ತಿರುಗಿಸಿದರೆ ಬ್ಯಾಟರಿ ಸತ್ತಿತ್ತು. ಪೆಟ್ಟಿಗೆಗಳನ್ನು ಮತ್ತೆ ಒಳಗೆ ಸಾಗಿಸಿ, ಅಂಗಡಿ ತೆರೆಯುವವರೆಗೆ ಕಾದು, ಹೊಸ ಬ್ಯಾಟರಿ ತರಿಸುವಷ್ಟರಲ್ಲಿ ಹತ್ತು ಗಂಟೆ ದಾಟಿತು. ಹಳೆಯದಕ್ಕಿಂತ ಅದು ಒಂದು ಸೈಜ್ ದೊಡ್ಡದು. ಕಪ್ಪು ಕೇಬಲ್ ಗಿಡ್ಡವಾಗಿ, ಕೂರಿಸಲು ಬಂದವನು ಅದನ್ನು ಎರಡೂ ಕೈಯಲ್ಲಿ ಜಗ್ಗಿ ಎಳೆದು ಬಿಗಿದ. ವೇಣಿ ನೋಡುತ್ತಲೇ ಇದ್ದಳು. ಹೊತ್ತಾಗಿತ್ತು, ಸುಮ್ಮನಾದಳು. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಆನೇಕಲ್ ದಾರಿಯ ರೈಲ್ವೆ ಗೇಟು ಮುಚ್ಚಿತ್ತು. ಎಲ್ಲರಂತೆ ಅವಳೂ ಎಂಜಿನ್ ಆರಿಸಿದಳು. ರೈಲು ಹೋಗಿ ಗೇಟು ಎದ್ದಾಗ ಕೀ ತಿರುಗಿಸಿದಳು. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹೊತ್ತಿಕೊಂಡವು. ಸೆಲ್ಫ್ ಹೊಡೆದರೆ 'ಟಕ್' ಎಂಬ ಒಂದೇ ಸದ್ದು, ದೀಪಗಳು ಮಂಕಾದವು. ಇನ್ನೊಮ್ಮೆ ಹೊಡೆದಳು. ಟಕ್. ಹಿಂದೆ ಹಾರ್ನುಗಳ ಅಬ್ಬರ ಎದ್ದಿತು.

ನಾಲ್ಕಾರು ಜನ ಇಳಿದು ಬಂದು ಗಾಡಿಯನ್ನು ರಸ್ತೆ ಬದಿಗೆ ನೂಕಿದರು. ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ಮುಂದೆ ಏರು. ಗಂಟೆ ಹನ್ನೊಂದೂವರೆ. ನೆರಳೆಂಬುದು ಎಲ್ಲೂ ಇರಲಿಲ್ಲ. ವೇಣಿ ಟಾರ್ಪಾಲಿನ ಎರಡೂ ಪಕ್ಕ ಎತ್ತಿ ಕಟ್ಟಿದಳು. ಒಳಗಿನ ಚಿಲಿಪಿಲಿ ಆಗಲೇ ಕೀರಲು ಕೂಗಾಗಿತ್ತು. ತೂತಿನಲ್ಲಿ ಇಣುಕಿದರೆ ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು.

ಬ್ಯಾಟರಿಯವನಿಗೆ ಫೋನ್ ಮಾಡಿದಳು.

"ಹೊಸ ಬ್ಯಾಟರಿ ಮೇಡಂ, ಅದರಲ್ಲೇನೂ ಇಲ್ಲ. ನಿಮ್ಮ ಸೆಲ್ಫ್ ಮೋಟರ್ ಹೋಗಿರುತ್ತೆ. ಟೋ ಮಾಡಿಸ್ಕೊಂಡ್ ಬನ್ನಿ."

"ಗಾಡೀಲಿ ಜೀವ ಇದೆ ಕಣ್ರೀ!"

ಅವನು ಇನ್ನೊಂದು ಕಾಲ್ ಬರ್ತಿದೆ ಎಂದು ಇಟ್ಟುಬಿಟ್ಟ.

ಹಿಂದಿದ್ದ ನೀರಿನ ಟ್ಯಾಂಕರ್ ಲಾರಿಯ ಡ್ರೈವರ್ ಮುತ್ತಣ್ಣ ಸೀಟಿನ ಕೆಳಗಿಂದ ಜಂಪರ್ ಕೇಬಲ್ ತಂದ. ಅರವತ್ತರ ಆಸುಪಾಸಿನ ಮನುಷ್ಯ.

"ಪಕ್ಕಕ್ ಸರ್ಕೊಳಮ್ಮಾ, ನನ್ನ ಬ್ಯಾಟ್ರಿಯಿಂದ ಕೊಡ್ತೀನಿ. ಒಂದೇ ಏಟು, ಅಂಗೇ ಎದ್ಬಿಡ್ತದೆ."

"ಬೇಡಣ್ಣ. ನಿಮ್ದು ಇಪ್ಪತ್ನಾಲ್ಕು ವೋಲ್ಟು, ನಂದು ಹನ್ನೆರಡು. ಇರೋ ವೈರಿಂಗೆಲ್ಲ ಸುಟ್ಟೋಗುತ್ತೆ."

"ಎಷ್ಟ್ ಗಾಡಿಗೆ ಕೊಟ್ಟಿವ್ನಿ ನಾನು!"

"ಅವ್ರು ಹೇಳೋದ್ ಕೇಳಮ್ಮ, ಮರಿ ಸಾಯ್ತಾವೆ" ಎಂದ ನಿಂತಿದ್ದವನೊಬ್ಬ. "ಗಾಡಿ ಓಡ್ಸೋಕ್ ಬರ್ದಿದ್ರೆ ಯಾಕ್ ಓಡಿಸ್ಬೇಕು" ಎಂದ ಇನ್ನೊಬ್ಬ, ಅವಳಿಗೆ ಕೇಳುವ ಹಾಗೆಯೇ. ಸರಿ, ಕೊಡಿ ಎಂದುಬಿಡಲೇ ಎಂದು ಒಂದು ಗಳಿಗೆ ವೇಣಿಗೆ ಅನ್ನಿಸಿದ್ದು ನಿಜ.

"ಎರಡು ನಿಮಿಷ ಕೊಡಿ ಅಣ್ಣ," ಎಂದು ಬಾನೆಟ್ಟಿನೊಳಗೆ ಬಗ್ಗಿದಳು. ಬ್ಯಾಟರಿಯ ಮೇಲಿನ ಎರಡೂ ಕ್ಲಾಂಪುಗಳನ್ನು ಅಲ್ಲಾಡಿಸಿದಳು. ಬಿಗಿಯಾಗಿದ್ದವು, ಬಿಸಿಯೂ ಇರಲಿಲ್ಲ. ಕಪ್ಪು ಕೇಬಲ್ ಹಿಡಿದು ಬೆರಳನ್ನು ಕೆಳಕ್ಕೆ ಜಾರಿಸುತ್ತಾ ಹೋದಳು. ಅದು ಗಾಡಿಯ ಕಬ್ಬಿಣದ ಚಾಸಿಗೆ ಬೋಲ್ಟಾಗಿದ್ದ ಕಡೆ ಬೆರಳು ಚುರ್ ಎಂದಿತು. ಅಲ್ಲಿ ಬಾಗಿಸಿ ನೋಡಿದಳು. ಗಟ್ಟಿಯಾಗಿರಬೇಕಾದ ಕೇಬಲ್ ಬೆಂದ ನುಗ್ಗೆಕಾಯಿಯಂತೆ ಮೆತ್ತಗೆ ಮಡಚಿಕೊಂಡಿತು.

ಕಾರ್ಖಾನೆಯಲ್ಲಿ ಇಂಥದ್ದನ್ನು ದಿನಕ್ಕೆ ಹತ್ತು ಸಲ ತೆಗೆದು ಬಿಸಾಕುತ್ತಿದ್ದಳು.

"ಒಳಗೆ ತಾಮ್ರದ ಎಳೆ ಕಿತ್ತೋಗಿದೆ ಅಣ್ಣ. ನಾಲ್ಕೈದು ಉಳಿದಿರ್ಬೇಕು. ಲೈಟ್ ಉರಿಯೋಕೆ ಅಷ್ಟು ಸಾಕು, ಸೆಲ್ಫ್ ತಿರುಗೋಕೆ ಸಾಲಲ್ಲ. ನಿಮ್ಮ ಕರೆಂಟ್ ಬೇಡ, ಕೇಬಲ್ ಕೊಡಿ."

ಮುತ್ತಣ್ಣ ಅರೆಮನಸ್ಸಿನಿಂದಲೇ ಕೊಟ್ಟ. ಅವಳು ಆ ಜಂಪರಿನ ಕಪ್ಪು ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ, ಇನ್ನೊಂದನ್ನು ಎಂಜಿನ್ನಿನ ಒಂದು ಬೋಲ್ಟಿಗೂ ಕಚ್ಚಿಸಿದಳು. ಹೋಗಿ ಕೀ ತಿರುಗಿಸಿದಳು.

ಟಕ್.

ಯಾರೋ ನಕ್ಕರು. ಪೆಟ್ಟಿಗೆಗಳಲ್ಲಿ ಕೂಗು ಕಡಿಮೆಯಾಗುತ್ತಿತ್ತು. ಅದು ಅವಳನ್ನು ಹೆಚ್ಚು ಹೆದರಿಸಿತು. ಇಳಿದು ಬಂದು ಬೋಲ್ಟನ್ನು ನೋಡಿದಳು. ಎಣ್ಣೆ, ಮಣ್ಣು ಮೆತ್ತಿಕೊಂಡಿತ್ತು. ಸ್ಕ್ರೂಡ್ರೈವರ್‌ನಿಂದ ಬಿಳಿ ಲೋಹ ಕಾಣುವವರೆಗೂ ಕೆರೆದಳು, ಕ್ಲಾಂಪನ್ನು ಮತ್ತೆ ಕಚ್ಚಿಸಿದಳು. "ನೀನ್ ಓಗು, ನಾನ್ ಒತ್ತಿ ಇಡ್ಕೋತೀನಿ" ಎಂದ ಮುತ್ತಣ್ಣ, ಹೆಗಲ ಮೇಲಿನ ಟವೆಲ್ಲನ್ನು ಕೈಗೆ ಸುತ್ತಿಕೊಂಡು.

ಈ ಸಲ ಎಂಜಿನ್ ಒಮ್ಮೆ ಕೆಮ್ಮಿ ಎದ್ದಿತು.

ಕೇಬಲ್ ಅಲುಗದಂತೆ ಮುತ್ತಣ್ಣನೇ ಹಗ್ಗದಿಂದ ಬಿಗಿದು ಕಟ್ಟಿದ. "ಕೇಬಲ್ಲು ಆಮೇಲೆ ಕೊಡೀವಂತೆ. ಎಲ್ಲೂ ಆಫ್ ಮಾಡ್ಬ್ಯಾಡ, ಓಗು."

ಆನೇಕಲ್ ಆಚೆಗಿನ ಫಾರಂ ತಲುಪುವವರೆಗೆ ಅವಳು ಹಿಂದಿನ ಸದ್ದನ್ನೇ ಕೇಳಿಸಿಕೊಳ್ಳುತ್ತಿದ್ದಳು. ಗಾಳಿ ಸೋಕಿದಂತೆ ಚಿಲಿಪಿಲಿ ಮೆಲ್ಲಗೆ ಮರಳಿತು. ಫಾರಂ ಮಾಲೀಕ ಶಿವಶಂಕರ್ ಗೇಟಿನಲ್ಲೇ ಕಾಯುತ್ತಿದ್ದರು. ಪೆಟ್ಟಿಗೆ ತೆರೆದಾಗ ಮೂವತ್ತೊಂದು ಮರಿ ಸತ್ತಿದ್ದವು.

"ತಪ್ಪು ನಂದೂ ಇದೆ ಸಾರ್," ಎಂದಳು ವೇಣಿ, ಅವರು ಕೇಳುವ ಮೊದಲೇ. "ಬ್ಯಾಟರಿಯವನು ಕೇಬಲ್ ಜಗ್ಗೋದನ್ನ ನೋಡ್ತಾನೇ ಇದ್ದೆ. ಗೊತ್ತಿದ್ದೂ ಬಾಯಿ ಬಿಡಲಿಲ್ಲ."

ಶಿವಶಂಕರ್ ಸತ್ತವನ್ನು ಒಂದು ಕಡೆ ಸರಿಸಿದರು. ಬೆಲ್ಲದ ನೀರಿನ ಬೇಸಿನ್ ತಂದು ಅವಳ ಮುಂದಿಟ್ಟರು.

"ಕೂತ್ಕೊಳಮ್ಮ. ಉಳಿದಿರೋದಕ್ಕೆ ಮೊದ್ಲು ನೀರು ಕುಡಿಸೋಣ."

ಇಬ್ಬರೂ ನೆಲಕ್ಕೆ ಹಾಸಿದ್ದ ಹೊಟ್ಟಿನ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ವೇಣಿ ಒಂದೊಂದೇ ಮರಿಯನ್ನು ಎತ್ತಿ ಅದರ ಕೊಕ್ಕನ್ನು ನೀರಿಗೆ ಅದ್ದಿ ಬಿಡತೊಡಗಿದಳು. ಮೊದಮೊದಲು ಪ್ರತಿ ಮರಿಯೂ ಗುಟುಕರಿಸುವವರೆಗೆ ಕಾದು ನೋಡುತ್ತಿದ್ದಳು. ಇನ್ನೂರನೆಯದರ ಹೊತ್ತಿಗೆ ಕಾಯುವುದನ್ನು ಬಿಟ್ಟು ಮುಂದಿನದಕ್ಕೆ ಕೈ ಚಾಚತೊಡಗಿದಳು.