ಕೊಡಲು ಯಾರೂ ಇಲ್ಲ, ತಡೆಯಲು ಇಬ್ಬರು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ನೀಲಿ. ಸಹಿ ಬಾರದವರ ಹೆಬ್ಬೆಟ್ಟನ್ನು ತಾವೇ ಹಿಡಿದು ಪತ್ರಕ್ಕೆ ಒತ್ತಿಸಿ ಒತ್ತಿಸಿ ಆದ ಬಣ್ಣ. ಆ ಬೆರಳಲ್ಲೇ ನಮ್ಮ ಬೇಕರಿಯ ಖಾರಾ ಬನ್ನು ಮುರಿದು ಪೂರ್ತಿ ತಿಂದು, ಆಮೇಲೆ ಬೈಯುತ್ತಿದ್ದರು: “ನೆನ್ನೇದು ಕಣ್ಲಾ ಇದು.” ಅದು ಎಂದೂ ನೆನ್ನೆಯದಾಗಿರುತ್ತಿರಲಿಲ್ಲ.

ಮದ್ದೂರಿನ ನೋಂದಣಿ ಕಚೇರಿಯ ಎದುರು ಒಂದು ಮೇಜು ಹಾಕಿಕೊಂಡು ಪತ್ರ ಬರೆಯುತ್ತಿದ್ದ ಅವರು ಊರಿಗೆಲ್ಲ ‘ರೈಟರು’. ಅಣ್ಣತಮ್ಮಂದಿರ ಪಾಲುಪತ್ರ ಬರೆಯುವುದರಲ್ಲಿ ಎತ್ತಿದ ಕೈ. ಮುಗಿಸುವ ಮುಂಚೆ ಪೆನ್ನು ಮೇಲೆತ್ತಿ ಮೂರು ಸಲ ಕೇಳುತ್ತಿದ್ದರು: “ಇನ್ನೇನ್ ಉಳೀತು?” ಕೊಕ್ಕರೆ ಬೆಳ್ಳೂರಿನ ಇಬ್ಬರು ಅಣ್ಣತಮ್ಮಂದಿರು ಎರಡು ಸಲವೂ “ಏನಿಲ್ಲ ಸ್ವಾಮಿ” ಎಂದಿದ್ದರಂತೆ. ಮೂರನೆಯ ಸಲ ಹಿರಿಯವನ ಹೆಂಡತಿ, “ಇತ್ಲು ಉಣಸೆಮರ ಉಳೀತಲ್ಲ” ಎಂದಳು. ರೈಟರು ಅಷ್ಟೂ ಹಾಳೆ ಹರಿದು ಹೊಸದಾಗಿ ಬರೆದರು. ಮರ ಅಣ್ಣನದು, ಹಣ್ಣು ಇಬ್ಬರದು, ಹಕ್ಕಿ ಗೂಡಿನಲ್ಲಿರುವ ತನಕ ಕೊಂಬೆಗೆ ಯಾರೂ ಕೊಡಲಿ ಹಾಕತಕ್ಕದ್ದಲ್ಲ. ಬರೆಯದೆ ಬಿಟ್ಟದ್ದೇ ಮುಂದೆ ಕೊಲೆಯಾಗುತ್ತದೆ ಎನ್ನುವುದು ಅವರ ನಂಬಿಕೆ.

ಆಗ ನಾನೂ ನನ್ನ ತಮ್ಮನೂ ಒಟ್ಟಿಗೆ ಬೇಕರಿ ನಡೆಸುತ್ತಿದ್ದೆವು. ಮಳವಳ್ಳಿಯಲ್ಲಿ ಮುಚ್ಚಿಹೋದ ವಿಡಿಯೋ ಗೇಮ್ ಅಂಗಡಿಯೊಂದರಿಂದ ಅವನು ಹಳೆಯದೊಂದು ಆಟದ ಯಂತ್ರ ತಂದ. ನಿಂತುಕೊಂಡು ಆಡುವ ಆಳೆತ್ತರದ ಪೆಟ್ಟಿಗೆ, ಒಂದು ಕೋಲು, ಎರಡು ಗುಂಡಿ. ಶಾಲೆ ತಪ್ಪಿಸಿ ನಾವು ಆಡಿ ಒದೆ ತಿಂದದ್ದು ಅದೇ ಆಟಕ್ಕೆ. ಒಳಗಿನ ಬೋರ್ಡು ಸುಟ್ಟಿತ್ತು. ಎಂಟು ತಿಂಗಳು ಒದ್ದಾಡಿ, ಬೇರೆ ಬೋರ್ಡಿಗೆ ಅದೇ ಆಟ ಹಾಕಿ, ಕೊನೆಗೂ ಓಡಿಸಿದ. ಬೇಕರಿಯಲ್ಲಿಟ್ಟು ಊರಿಗೆಲ್ಲ ಆಡಿಸಬೇಕೆಂದು ಅವನಿಗೆ ಬಲು ಆಸೆ. ಆದರೆ ಮಹಾ ಸಾಚಾ ಮನುಷ್ಯ. ಆಟ ಬೇರೆಯವರದು, ಕೇಳಿಯೇ ಇಡೋಣ ಎಂದ. ಕೇಳದೆ ಇಟ್ಟಿದ್ದರೆ ಒಂದು ನರಪಿಳ್ಳೆಯೂ ತಲೆ ಹಾಕುತ್ತಿರಲಿಲ್ಲ.

ಆಟ ಮಾಡಿದ ಕಂಪನಿ ಎಂದೋ ಎರಡು ಹೋಳಾಗಿತ್ತು. ಅಂಗಡಿಯಲ್ಲಿಡುವ ಯಂತ್ರಗಳು ಒಂದು ಹೋಳಿಗೆ, ಮನೆಯಲ್ಲಿ ಆಡುವ ಆಟಗಳು ಇನ್ನೊಂದಕ್ಕೆ. ಆಮೇಲೆ ಆ ಹೋಳುಗಳನ್ನೂ ಯಾರ್ಯಾರೋ ಕೊಂಡಿದ್ದರು. ಇಬ್ಬರಿಗೂ ಬರೆದೆವು, ಇಬ್ಬರಿಂದಲೂ ಉತ್ತರ ಬಂತು. ಎರಡೆರಡು ಪುಟ ಇಂಗ್ಲಿಷ್ ಸಭ್ಯತೆ, ಗುಲಗಂಜಿಯಷ್ಟು ವಿಷಯವಿಲ್ಲ. ಈ ಆಟ ನಮ್ಮ ಪಾಲಿಗೆ ಬಂದಿದೆಯೆಂದು ಹೇಳಲಾಗದು, ಆದ್ದರಿಂದ ಅನುಮತಿ ಕೊಡಲಾಗದು, ಆದರೂ ನೀವು ಆಡಿಸಕೂಡದು. ಇಬ್ಬರದೂ ಅದೇ ಮಾತು. ತಾನೂ ತಿನ್ನ, ಪರರಿಗೂ ಕೊಡ ಎನ್ನುವ ಜಾತಿ. ಕೋಟು ತೊಟ್ಟ ಮಾತ್ರಕ್ಕೆ ದೊಡ್ಡ ಮನುಷ್ಯರಾಗುತ್ತಾರೆಯೇ?

ತಮ್ಮನ ಬಾಡಿದ ಮುಖ ನೋಡಲಾಗದೆ, ಆ ಕಾಗದಗಳನ್ನು ಹಿಡಿದು ಅವನನ್ನೂ ಕರೆದುಕೊಂಡು ರೈಟರ ಬಳಿಗೆ ಹೋದೆ. ನಾನು ಕನ್ನಡದಲ್ಲಿ ಓದಿ ಹೇಳಿದೆ. ಅವರು ಬನ್ನು ಕೆಳಗಿಟ್ಟರು.

“ನಂದಲ್ಲ ಅಂತಾನೆ, ಮುಟ್ಟಬ್ಯಾಡ ಅಂತಾನೆ. ನಿಂದಲ್ಲ ಅಂದ್ಮೇಲೆ ಮುಟ್ಟಬ್ಯಾಡ ಅನ್ನಕ್ಕೆ ನೀನ್ಯಾವನ್ಲಾ? ನಮ್ ಅಳ್ಳಿ ಹೈಕ್ಳು ಆಲೆಮನೆ ಕೊಪ್ಪರಿಗೆ ಪಾಲ್ ಮಾಡ್ಕೊಂಡ್ರೂ ಇದ್ಕಿಂತ ನೆಟ್ಟಗೆ ಮಾಡ್ಕತಾರೆ. ಈ ಪಾಲುಪತ್ರ ಬರ್ದೋನ್ ಯಾವನೋ ದಂಡಪಿಂಡ! ‘ಇನ್ನೇನ್ ಉಳೀತು’ ಅಂತ ಒಂದ್ಸಲ ಕೇಳಕ್ಕೆ ಬಾಯಿ ಸತ್ತೋಗಿತ್ತಾ? ಈಗ ನೋಡು, ಕೊಡಕ್ಕೆ ಯಾರೂ ಇಲ್ಲ, ತಡಿಯಕ್ಕೆ ಇಬ್ರು.”

ಆ ಎರಡೂ ಕಾಗದಗಳಿಗೆ ಬೆರಳಿನ ಬನ್ನಿನ ಎಣ್ಣೆ ಒರೆಸಿಕೊಂಡರು. ಅಷ್ಟಕ್ಕೇ ಲಾಯಕ್ಕು ಅವು. ಆಮೇಲೆ ನಮ್ಮ ಕಡೆ ತಿರುಗಿದರು.

“ಅದಿರ್ಲಿ, ಈ ಪೆಟ್ಟಿಗೆ ನಿಮ್ಮಿಬ್ರಲ್ಲಿ ಯಾರ್ದು?”

“ಇಬ್ರದೂ” ಎಂದು ನಾನು ನಕ್ಕೆ.

“ಆ ಕಂಪ್ನಿಯೋರೂ ಪಾಲಾಗೋಕ್ ಮುಂಚೆ ಇಂಗೇ ನಕ್ಕಿರ್ತಾರೆ” ಎಂದು ಒಂದು ಹಾಳೆ ಎಳೆದುಕೊಂಡರು.

ಹೀಗೆ ಬರೆದರು: ‘ಸದರಿ ಆಟದ ಪೆಟ್ಟಿಗೆಯು ಇಬ್ಬರಿಗೂ ಸೇರಿದ್ದು. ಹಿರಿಯವನ ನಡುಮನೆಯಲ್ಲಿ ಇರತಕ್ಕದ್ದು. ಒಬ್ಬನನ್ನು ಬಿಟ್ಟು ಇನ್ನೊಬ್ಬನು ಮಾರತಕ್ಕದ್ದಲ್ಲ. ಒಬ್ಬನು ಆಡಲು ಬಂದರೆ ಇನ್ನೊಬ್ಬನು ತಡೆಯತಕ್ಕದ್ದಲ್ಲ.’ ಎರಡು ಪ್ರತಿ ಮಾಡಿ, ಇಬ್ಬರಿಗೂ ಸಹಿ ಬರುತ್ತಿದ್ದರೂ ಎರಡಕ್ಕೂ ಹೆಬ್ಬೆಟ್ಟನ್ನೇ ಒತ್ತಿಸಿ, ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ಮುದುಕರಿಗೆ ಹುಚ್ಚು ಎಂದು ದಾರಿಯುದ್ದಕ್ಕೂ ನಗಾಡಿಕೊಂಡು ಬಂದೆವು. ಪೆಟ್ಟಿಗೆ ಬೇಕರಿಗೆ ಹೋಗಲಿಲ್ಲ, ನನ್ನ ನಡುಮನೆ ಸೇರಿತು.

ಎರಡು ವರ್ಷದ ಹಿಂದೆ ರೈಟರು ಹೋದರು. ಪತ್ರ ಬರೆಯುತ್ತಿದ್ದವರು ಎದೆ ಹಿಡಿದುಕೊಂಡು ಹಾಗೆಯೇ ಬೆಂಚಿಗೆ ಒರಗಿದರಂತೆ. ಮಣ್ಣಿಗೆ ನಾವಿಬ್ಬರೂ ಒಂದೇ ಬೈಕಿನಲ್ಲಿ ಹೋಗಿದ್ದೆವು.

ಮರುವರ್ಷ ಬೇಕರಿ ಪಾಲಾಯಿತು. ಯಾಕೆಂದು ಹೇಳಲು ನನಗೆ ನಾಚಿಕೆ. ಆ ಕಂಪನಿಗಳನ್ನು ಉಗಿದ ಬಾಯಲ್ಲೇ ತಮ್ಮನನ್ನೂ ಉಗಿದೆ. ಈಗ ರೈಟರ ಮೇಜಿನಲ್ಲಿ ಕೂರುವವನು ಕಂಪ್ಯೂಟರಿನಲ್ಲಿ ಅರ್ಧ ಗಂಟೆಗೆ ಪಾಲುಪತ್ರ ತೆಗೆದುಕೊಟ್ಟ. ಇನ್ನೇನು ಉಳಿಯಿತು ಎಂದು ಒಮ್ಮೆಯೂ ಕೇಳಲಿಲ್ಲ, ತಲೆಯನ್ನೇ ಎತ್ತಲಿಲ್ಲ. ನಮ್ಮಿಬ್ಬರ ನಡುವೆ ಮಾತುಕತೆ ನಿಂತುಹೋಯಿತು.

ಆಮೇಲಿನ ಮೊದಲ ಭಾನುವಾರ ತಮ್ಮ ಬಂದು ಬಾಗಿಲಲ್ಲಿ ನಿಂತ. ಅವನ ಕೈಯಲ್ಲಿ ರೈಟರ ಹಾಳೆಯ ಪ್ರತಿಯಿತ್ತು. ಓದಿ ತೋರಿಸಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದ. ಬಾಗಿಲು ಹಾಕಬೇಕೆಂದೇ ಎದ್ದಿದ್ದ ನಾನು ಆ ಎರಡು ನೀಲಿ ಹೆಬ್ಬೆಟ್ಟು ನೋಡಿ ಪಕ್ಕಕ್ಕೆ ಸರಿದೆ. ಅಂದಿನಿಂದ ಪ್ರತಿ ಭಾನುವಾರ ಬರುತ್ತಾನೆ, ಆಡುತ್ತಾನೆ, ಹೋಗುತ್ತಾನೆ. ರೈಟರು ಬರೆಯದೆ ಬಿಟ್ಟಿದ್ದರೆ ನಾನು ತಡೆಯುವವನೇ. ಆ ಕೋಟಿನವರಿಗಿಂತ ನಾನೇನೂ ಮೇಲಲ್ಲ ಎಂದು ರೈಟರಿಗೆ ಆವತ್ತೇ ಗೊತ್ತಿತ್ತು.

ಹೋದ ಭಾನುವಾರ ತಮ್ಮ ಆಟ ಮುಗಿಸಿ, ನನ್ನ ಕಡೆ ನೋಡದೆಯೇ ಕೋಲು ಬಿಟ್ಟು ಸರಿದು ನಿಂತ.

“ಬಾ ಅಣ್ಣ” ಎಂದ. “ಇದೊಂದಾಟ ನಿಂದು.”