ಮೆಷಿನ್ನಿನ ಮುಂದಿನ ಎರಡು ಕಿಂಡಿ

ನಮ್ಮವರು ತೀರಿಕೊಂಡದ್ದು ಆಷಾಢದಲ್ಲಿ. ಆಯುಧಪೂಜೆ ಬಂದಾಗ ಇನ್ನೂ ನೂರು ದಿನ ತುಂಬಿರಲಿಲ್ಲ. ಅಂಗಡಿಯ ಬಾಗಿಲನ್ನು ನಾನೇ ತೆಗೆದು ಕೂರುತ್ತಿದ್ದೆ. ತಿಪಟೂರಿನಲ್ಲಿ ನಮ್ಮದು ಕಂಪ್ಯೂಟರ್ ರಿಪೇರಿ ಅಂಗಡಿ. ನಾನು ಓದಿದ್ದು ಪಿಯುಸಿ. ಕೆಲಸ ಕಲಿತದ್ದು ಹನ್ನೆರಡು ವರ್ಷ ಅವರ ಪಕ್ಕದಲ್ಲಿ ಟಾರ್ಚ್ ಹಿಡಿದು, ಅವರು ಕೇಳಿದ ಸ್ಕ್ರೂಡ್ರೈವರ್ ಎತ್ತಿಕೊಟ್ಟು.

ಊರ ಹೊರಗೆ ತೆಂಗು ಬೆಳೆಗಾರರ ಸಂಘವೊಂದಿದೆ. ಅಲ್ಲಿನ ಸರ್ವರ್ ನೋಡಿಕೊಳ್ಳುವುದು ನಮ್ಮವರ ಕೆಲಸವಾಗಿತ್ತು. ಒಂದು ಚಿಕ್ಕ ಕೋಣೆಯಲ್ಲಿ ನೆಲದಿಂದ ಮೊಣಕಾಲೆತ್ತರದ ಸ್ಟ್ಯಾಂಡಿನ ಮೇಲೆ ಆ ಮೆಷಿನ್ ಇತ್ತು. ಅದರೊಳಗಿದ್ದುದು ತಾಯಿಮರಗಳ ದಾಖಲೆ. ಬಿತ್ತನೆಗೆ ಕಾಯಿ ಆರಿಸಿಕೊಳ್ಳಲು ಗುರುತು ಮಾಡಿದ ಒಳ್ಳೆಯ ತೆಂಗಿನ ಮರಕ್ಕೆ ಇಲ್ಲಿ ತಾಯಿಮರ ಎನ್ನುತ್ತಾರೆ. ಯಾರ ತೋಟದ ಎಷ್ಟನೆಯ ಸಾಲಿನ ಯಾವ ಮರ, ಅದಕ್ಕೆಷ್ಟು ಗರಿ, ವರ್ಷಕ್ಕೆಷ್ಟು ಗೊನೆ, ಗೊನೆಗೆಷ್ಟು ಕಾಯಿ, ಯಾವ ವರ್ಷ ಸುಳಿ ರೋಗ ತಗುಲಿ ಚೇತರಿಸಿಕೊಂಡಿತು, ಎಲ್ಲ.

ಇದನ್ನೆಲ್ಲ ಅಳೆದು ತಂದವರು ಒಬ್ಬರೇ. ಮಾಯಸಂದ್ರದ ಕಡೆಯಿಂದ ಹುಳಿಯಾರಿನವರೆಗೆ ಹದಿನಾಲ್ಕು ವರ್ಷ ತೋಟ ತೋಟ ತಿರುಗಿದ ಹಿರಿಯರು. ನಮ್ಮವರ ಊರಿನವರಾದ್ದರಿಂದ ನಾನು ಅವರನ್ನು ಮಾವ ಎಂದು ಕರೆಯುತ್ತಿದ್ದೆ. ಈಗ ಮಂಡಿ ನೋವು, ಬದು ಹತ್ತಲಾರರು, ಸಂಘದ ಆಫೀಸಿಗೆ ಬಂದು ಕೂರುತ್ತಾರೆ. ಅವರು ಬರೆದ ನೋಟುಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ, ಗೆದ್ದಲು ಹಿಡಿದಿದೆ ಎಂದು ಸಂಘದವರು ಸುಟ್ಟುಬಿಟ್ಟಿದ್ದರು. ಆದ್ದರಿಂದ ಆ ಮರಗಳೆಲ್ಲ ಇದ್ದದ್ದು ಅದೊಂದು ಮೆಷಿನ್ನಿನಲ್ಲಿ ಮಾತ್ರ. ಬ್ಯಾಕಪ್ ಏನೋ ಇತ್ತು, ಅದೇ ಮೆಷಿನ್ನಿನ ಇನ್ನೊಂದು ಡಿಸ್ಕಿನಲ್ಲಿ.

ಪಕ್ಕದ ಕಟ್ಟಡದಲ್ಲಿ ಒಮ್ಮೆ ಕಂಪ್ಯೂಟರ್ ಕಳುವಾದಾಗ ನಮ್ಮವರು ಎರಡು ಡಿಸ್ಕಿಗೂ ಬೀಗ ಹಾಕಿದ್ದರು. ಬೀಗದ ಕೈ ಒಂದು ಪೆನ್‌ಡ್ರೈವ್. ಮೆಷಿನ್ ಶುರುವಾಗುವಾಗ ಅದನ್ನು ಚುಚ್ಚಿರಬೇಕು. ಇಲ್ಲದಿದ್ದರೆ ವಿಂಡೋಸ್ ತೆರೆಯುವುದೇ ಇಲ್ಲ, ನೀಲಿ ಪರದೆ ಬಂದು ಕೀಲಿ ಕೇಳುತ್ತ ನಿಲ್ಲುತ್ತದೆ. ವರ್ಷವಿಡೀ ನಡೆಯುವ ಮೆಷಿನ್ ಆದ್ದರಿಂದ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಆರಿಸುತ್ತಿದ್ದದ್ದು ವರ್ಷಕ್ಕೊಂದೇ ಸಲ, ಆಯುಧಪೂಜೆಗೆ. ತಿರುಗುವ ಯಂತ್ರಕ್ಕೆ ಕುಂಕುಮ ಇಡಬಾರದು, ಅದಕ್ಕೂ ಒಂದು ದಿನ ವಿಶ್ರಾಂತಿ ಕೊಡಬೇಕು ಎನ್ನುವುದು ಸಂಘದವರ ನಂಬಿಕೆ.

ಹಬ್ಬಕ್ಕೆ ಮೂರು ದಿನ ಮೊದಲು ಸಂಘದ ಮ್ಯಾನೇಜರ್ ಫೋನ್ ಮಾಡಿದರು. ನನಗಿಂತ ಚಿಕ್ಕವರು, ಮಾತಿನಲ್ಲಿ ಮೆತ್ತಗೆ.

‘ಅಕ್ಕ, ಪೂಜೆ ನಾವೇ ಮುಗುಸ್ಕಂತೀವಿ. ನೀವು ರಜಾ ಕಳ್ದ್ ಮೇಲೆ ಬಂದು ಆನ್ ಮಾಡ್ಕೊಟ್ರೆ ಸಾಕು.’

ಅವರು ಹೇಳದೆ ಬಿಟ್ಟದ್ದು ನನಗೆ ಅರ್ಥವಾಯಿತು. ಪೂಜೆಯ ಹೊತ್ತಿನಲ್ಲಿ ನಾನು ಅಲ್ಲಿರುವುದು ಅವರಿಗೆ ಸರಿ ಕಾಣುತ್ತಿರಲಿಲ್ಲ. ನನಗೂ ಸರಿ ಕಾಣುತ್ತಿರಲಿಲ್ಲ ಎಂದೇ ಹೇಳಬೇಕು. ಆಗಲಿ ಸಾರ್ ಎಂದು ಫೋನ್ ಇಟ್ಟೆ. ಆಗಲೇ ಒಂದು ಮಾತು ನೆನಪಾಗಿತ್ತು, ಅದನ್ನು ಹೇಳಲಿಲ್ಲ. ಕರೆಯದ ಪೂಜೆಯ ವಿಚಾರಕ್ಕೆ ನಾನೇಕೆ ಬಾಯಿ ಹಾಕಲಿ ಎನ್ನಿಸಿತು.

ರಜೆ ಕಳೆದು ಬೆಳಿಗ್ಗೆ ಹತ್ತಕ್ಕೆ ಹೋದೆ. ಮೆಷಿನ್ನಿನ ಮೂತಿಯ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೆ ಬಾಡಿದ ಸೇವಂತಿಗೆ. ಅದನ್ನು ನೋಡುವುದು ಬೇಡವೆನಿಸಿ ನೇರವಾಗಿ ಹಿಂಭಾಗಕ್ಕೆ ಹೋದೆ. ಪೆನ್‌ಡ್ರೈವ್ ಚುಚ್ಚಿದೆ, ಕೀಬೋರ್ಡಿನ ವೈರ್ ನೋಡಿದೆ, ಸ್ವಿಚ್ ಒತ್ತಿದೆ. ಫ್ಯಾನುಗಳು ಒಮ್ಮೆಗೇ ಭೋರ್ಗರೆದು ತಗ್ಗಿದವು. ಸರ್ವರ್ ಮನೆಯ ಕಂಪ್ಯೂಟರಿನ ಹಾಗೆ ಬೇಗ ಏಳುವುದಿಲ್ಲ, ಐದಾರು ನಿಮಿಷ ತೆಗೆದುಕೊಳ್ಳುತ್ತದೆ. ಕಾದೆ. ನೀಲಿ ಪರದೆ ಬಂತು. ಕೀಲಿ ಇರುವ ಪೆನ್‌ಡ್ರೈವ್ ಹಾಕಿ ಎಂದಿತ್ತು.

ಹಾಕಿಯೇ ಇತ್ತು. ತೆಗೆದು ಮತ್ತೆ ಹಾಕಿ ಕೀಬೋರ್ಡ್ ಒತ್ತಿದೆ. ಪರದೆ ಅಲುಗಲಿಲ್ಲ. ಕೀಬೋರ್ಡಿನ ಚಿಕ್ಕ ಹಸಿರು ದೀಪವೂ ಸತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್, ‘ಏನಾಯ್ತಕ್ಕ?’ ಎಂದರು.

‘ಪೆನ್‌ಡ್ರೈವ್ ಓದ್ತಿಲ್ಲ ಸಾರ್.’

ಅವರು ಹೊರಗೆ ಹೋಗಿ ತುಮಕೂರಿನ ಒಬ್ಬ ಟೆಕ್ನೀಷಿಯನ್‌ಗೆ ಫೋನ್ ಹಚ್ಚಿದರು. ಮಾತು ನನಗೆ ಕೇಳಿಸುತ್ತಿತ್ತು. ತಿರುಗಿ ಬಂದವರು ನೆಲ ನೋಡುತ್ತ ಹೇಳಿದರು: ‘ಪೆನ್‌ಡ್ರೈವೇ ಹೋಗಿರ್ತದೆ ಅಂತಾವ್ನೆ. ಮೂರು ಗಂಟೆಗೆ ಬತ್ತಾನಂತೆ. ಡಿಸ್ಕ್ ಎಲ್ಲಾ ಅಳಿಸಿ ಹೊಸದಾಗಿ ಹಾಕ್ಕೊಡ್ತೀನಿ ಅಂದ. ಮೆಷಿನ್ ಇಲ್ದೆ ಆಫೀಸ್ ನಡೆಯಲ್ವಲ್ಲಕ್ಕ.’

‘ಅಳಿಸಿದ್ರೆ ಮರಗಳು?’

ಉತ್ತರ ಕೊಟ್ಟದ್ದು ಮ್ಯಾನೇಜರ್ ಹಿಂದೆ ಬಂದು ನಿಂತಿದ್ದ ಮಾವ.

‘ಮರ ತೋಟದಲ್ಲೇ ಇರ್ತವೆ ಬುಡು. ಯಾವುದು ತಾಯಿ, ಯಾವುದು ಗೊಡ್ಡು ಅನ್ನಾದು ಹೋಯ್ತದೆ, ಅಷ್ಟೇಯ.’ ಹಾಗೆಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅವರಿಗೊಂದು ಕುರ್ಚಿ ಎಳೆದುಕೊಟ್ಟೆ.

ಮೊದಲು ಪೆನ್‌ಡ್ರೈವನ್ನು ಆಫೀಸಿನ ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಿದೆ. ತೆರೆಯಿತು. ಕೀಲಿಯ ಫೈಲು ಒಳಗೆ ಇತ್ತು. ಹಾಗಾದರೆ ತಪ್ಪು ಪೆನ್‌ಡ್ರೈವಿನದಲ್ಲ, ನೋಡಬೇಕಾದ ಮೆಷಿನ್ ಅದನ್ನು ನೋಡುತ್ತಿಲ್ಲ.

ಈ ವಿಷಯವನ್ನು ನಮ್ಮವರು ನನಗೊಮ್ಮೆ ಬಿಡಿಸಿ ಹೇಳಿದ್ದರು. ವಿಂಡೋಸ್ ಬಂದ ಮೇಲೆ ಯಾವ ಕಿಂಡಿಗೆ ಏನು ಚುಚ್ಚಿದರೂ ಅದು ಗುರುತಿಸುತ್ತದೆ. ಅದಕ್ಕೂ ಮುಂಚೆ ಆ ಕೆಲಸ ಮದರ್‌ಬೋರ್ಡಿನಲ್ಲೇ ಕೂತಿರುವ ಒಂದು ಚಿಕ್ಕ ಪ್ರೋಗ್ರಾಮಿನದು. ಅದಕ್ಕೆ ಕೆಲವೇ ಕೆಲವು ಸಾಧನ ಗೊತ್ತು. ‘ಅದು ಇನ್ನೂ ನಿದ್ದೆಗಣ್ಣಲ್ಲಿರ್ತದೆ ಕಣೇ. ಒಂದು ಕಿಂಡೀನ ನಾಲ್ಕು ಮಾಡೋ ಹಬ್ಬು ಗಿಬ್ಬು ಅಂತ ನಡುವೆ ಏನೂ ಇಡ್ಬಾರ್ದು. ಹಿಂದಿನ ಕಿಂಡಿಗೆ ನೆಟ್ಟಗೆ ಚುಚ್ಬೇಕು’ ಎಂದಿದ್ದರು. ನಾನು ಚುಚ್ಚಿದ್ದೂ ಹಿಂದಿನ ಕಿಂಡಿಗೇ. ನಾಲ್ಕು ಕಿಂಡಿಯನ್ನೂ ಒಂದೊಂದಾಗಿ ಬದಲಿಸಿ ನೋಡಿದೆ. ಒಂದೊಂದು ಸಲಕ್ಕೂ ಆರಿಸಿ, ಹಚ್ಚಿ, ಆರು ನಿಮಿಷ ಕಾಯಬೇಕು. ಕೀಬೋರ್ಡನ್ನೂ ಬೇರೆ ತಂದು ಹಾಕಿದೆ. ಹನ್ನೆರಡೂವರೆ ಆಯಿತು. ಪ್ರತಿ ಸಲವೂ ಅದೇ ನೀಲಿ.

‘ಒಂದು ಲೋಟ ಮಜ್ಜಿಗೆನಾದ್ರೂ ಕುಡಿಯವ್ವ’ ಎಂದರು ಮಾವ. ನನಗೆ ಬೇಕಿರಲಿಲ್ಲ.

ಶುರುವಾಗುವಾಗ ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು ಸರಸರನೆ ಓಡಿಹೋಗುತ್ತವೆ. ನನ್ನ ಇಂಗ್ಲಿಷ್ ಅಷ್ಟು ಬೇಗ ಓಡುವುದಿಲ್ಲ. ಮುಂದಿನ ಸಲ ಮೊಬೈಲಿನಲ್ಲಿ ಅದರ ವಿಡಿಯೊ ಮಾಡಿಕೊಂಡು, ನಿಲ್ಲಿಸಿ ನಿಲ್ಲಿಸಿ ಓದಿದೆ. ಒಂದು ಸಾಲಿನಲ್ಲಿ ಯುಎಸ್‌ಬಿ ಎಂದಿತ್ತು. ಒಂದೊಂದೇ ಪದ ಕೂಡಿಸಿದೆ. ಯುಎಸ್‌ಬಿಯಲ್ಲಿ ಎಲ್ಲೋ ಮಿತಿ ಮೀರಿ ಕರೆಂಟ್ ಹರಿಯುತ್ತಿದೆ, ಆದ್ದರಿಂದ ನಿಲ್ಲಿಸಲಾಗಿದೆ ಎಂದು ಅದರ ಅರ್ಥ. ಎಲ್ಲೋ ಒಂದು ಕಿಂಡಿಯಲ್ಲಿ ಶಾರ್ಟ್ ಆಗಿದೆ, ಅದಕ್ಕೆ ಹೆದರಿ ಮೆಷಿನ್ ಎಲ್ಲ ಕಿಂಡಿಗಳನ್ನೂ ಮುಚ್ಚಿಕೊಂಡಿದೆ.

ನಾನು ಎದ್ದು ಮೆಷಿನ್ನಿನ ಮುಂದೆ ಬಂದೆ. ಬೆಳಿಗ್ಗೆಯಿಂದ ನೋಡದೆ ಬಿಟ್ಟಿದ್ದ ಆ ವಿಭೂತಿಯ ಪಟ್ಟೆಗಳನ್ನು ಟಾರ್ಚ್ ಹಾಕಿ ನೋಡಿದೆ. ಕೆಳಗಿನ ಪಟ್ಟೆ ಮುಂದಿನ ಎರಡು ಯುಎಸ್‌ಬಿ ಕಿಂಡಿಗಳ ಮೇಲೇ ಹಾದುಹೋಗಿತ್ತು. ಬೂದಿ ಒಳಗೆ ಸೇರಿ ಗಟ್ಟಿಯಾಗಿತ್ತು. ಅದರ ಅಂಚಿನಲ್ಲಿ ಏನೋ ಅಂಟು. ಒಳಗಿನ ತಗಡಿನ ಮೇಲೆ ಹಸಿರು ಕಿಲುಬು.

‘ಇದಕ್ಕೇನು ನೀರು ಹಾಕಿದ್ರಿ ಸಾರ್?’

ಮ್ಯಾನೇಜರ್ ಮಾವನ ಮುಖ ನೋಡಿದರು. ಮಾವ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

‘ನೀರಲ್ಲ ಕಣವ್ವ. ದಬ್ಬೇಘಟ್ಟದ ಕಡೆ ನಮ್ದೊಂದು ಮರ ಐತೆ, ಮೊದಲ್ನೇ ನಂಬರಿಂದು. ಅದರ ಕಾಯಿ ತಂದಿದ್ದೆ. ಒಡ್ದು, ಆ ನೀರೇ ಒಂದೀಟು ಚಿಮುಕ್ಸಿ, ಅದ್ರಲ್ಲೇ ವಿಭೂತಿ ಕಲ್ಸಿ ಇಟ್ಟೆ. ನನ್ನ ಮರ ಎಲ್ಲಾ ಅದರೊಳಗವೆ ಅಲ್ವಾ ಅಂತ.’

ಕಾಯಿನೀರಿನಲ್ಲಿ ಉಪ್ಪಿನಂಶ ಇರುತ್ತದೆ, ಕರೆಂಟ್ ಸಲೀಸಾಗಿ ಹರಿಯುತ್ತದೆ. ಮೆಷಿನ್ ಆರಿಸಿದ್ದರೂ ಯಾರೂ ಕರೆಂಟಿನ ವೈರ್ ಕಿತ್ತಿರಲಿಲ್ಲ. ಸರ್ವರನ್ನು ಆರಿಸಿದರೂ ಒಳಗೆ ಕೊಂಚ ಕರೆಂಟ್ ಇದ್ದೇ ಇರುತ್ತದೆ. ಎರಡು ರಾತ್ರಿಯಲ್ಲಿ ಕಿಲುಬು ಲೋಹವನ್ನು ತಿಂದಿತ್ತು.

ಫೋನ್ ಬಂದ ದಿನ ನನಗೆ ನೆನಪಾಗಿದ್ದ ಮಾತು ಇದೇ. ಪ್ರತಿ ವರ್ಷ ಪೂಜೆಗೆ ಮೊದಲು ನಮ್ಮವರು ವೈರ್ ಕಿತ್ತು, ಆ ಎರಡು ಕಿಂಡಿಯ ಮೇಲೆ ಕರಿ ಟೇಪ್ ಅಂಟಿಸುತ್ತಿದ್ದರು. ಈಗ ಎಷ್ಟು ಬೇಕಾದರೂ ಕುಂಕುಮ ಬಳಿಯಿರಿ ಎಂದು ನಗುತ್ತಿದ್ದರು. ಹಿಂದಿನ ವರ್ಷ ಟೇಪ್ ಕತ್ತರಿಸಿ ಕೊಟ್ಟವಳು ನಾನೇ. ಆ ಟೇಪ್ ಏಕೆಂದು ಸಂಘದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರಲ್ಲಿ ಒಬ್ಬರು ಇಲ್ಲ, ಇನ್ನೊಬ್ಬಳು ಬಾಯಿ ಬಿಡಲಿಲ್ಲ.

ಒಂದೂಮುಕ್ಕಾಲು. ಹಿಂದಿನ ಎರಡೂ ಕರೆಂಟ್ ವೈರ್ ಕಿತ್ತೆ. ಸ್ಪಿರಿಟ್ ನನ್ನ ಚೀಲದಲ್ಲಿತ್ತು. ಕಿಂಡಿಯೊಳಗೆ ಲೋಹದ್ದು ಹಾಕುವ ಹಾಗಿಲ್ಲ. ಮಾವ ಹಿತ್ತಲ ಪೊರಕೆಯಿಂದ ತೆಂಗಿನ ಕಡ್ಡಿ ಮುರಿದು ತಂದರು, ಅದರ ತುದಿಗೆ ಹತ್ತಿ ಸುತ್ತಿ ಒರೆಸಿದೆ. ಮೊದಲು ಬೂದಿ ಬಂತು, ಆಮೇಲೆ ಕೆಂಪು, ಆಮೇಲೆ ಹಸಿರು. ಹತ್ತಿ ಬೆಳ್ಳಗೆ ಬರುವವರೆಗೆ ಒರೆಸಿ, ಫ್ಯಾನ್ ಗಾಳಿಗೆ ಒಣಗಿಸಿ, ವೈರ್ ಹಾಕಿ ಹಚ್ಚಿದೆ. ಮೂವರೂ ಪರದೆಯ ಮುಂದೆ ನಿಂತೆವು.

ಮತ್ತೆ ಅದೇ ಸಾಲು. ಮತ್ತೆ ನೀಲಿ.

‘ಅಕ್ಕ, ಸಾಕು ಬುಡಿ’ ಎಂದರು ಮ್ಯಾನೇಜರ್. ‘ಅವ್ನು ಗುಬ್ಬಿ ದಾಟವ್ನಂತೆ. ನೀವೇನಾದ್ರೂ ಬಿಚ್ಚೋಕ್ ಹೋಗಿ ಇನ್ನೇನಾದ್ರೂ ಆದ್ರೆ...’

ಅವರು ಹೇಳಿದ್ದು ತಪ್ಪೇನಲ್ಲ. ಆ ಮೆಷಿನ್ನಿನ ಮುಚ್ಚಳವನ್ನು ನಾನು ಒಬ್ಬಳೇ ಯಾವತ್ತೂ ತೆಗೆದವಳಲ್ಲ.

ಮಾವ ಮತ್ತೆ ಕುರ್ಚಿಯಲ್ಲಿ ಕೂರುತ್ತ ಹೇಳಿದರು: ‘ಏ ಸುಮ್ಕಿರ್ಲಾ. ಅವನು ಬಂದು ಮಾಡಾದೇನು, ಎಲ್ಲಾ ಅಳ್ಸಾದೇ ತಾನೆ? ಅದಕ್ಕಿಂತ ಕೆಡ್ಸೋದೇನೈತೆ ಇವ್ಳು? ಬಿಚ್ಚವ್ವ ನೀನು.’

ಆರಿಸಿ, ವೈರ್ ಕಿತ್ತು ಮುಚ್ಚಳ ತೆಗೆದೆ. ಮುಂದಿನ ಕಿಂಡಿಗಳಿಂದ ಬೋರ್ಡಿಗೆ ಒಂದು ಚಪ್ಪಟೆ ಕೇಬಲ್ ಹೋಗಿತ್ತು. ಅದನ್ನು ಕಿತ್ತರೆ ಆ ಎರಡು ಕಿಂಡಿ ಮೆಷಿನ್ನಿನ ಪಾಲಿಗೆ ಇಲ್ಲವೇ ಇಲ್ಲ, ಹೆದರಲು ಕಾರಣವೂ ಇರುವುದಿಲ್ಲ. ಆದರೆ ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಕೇಬಲ್ ಇತ್ತು, ಡಿಸ್ಕುಗಳ ಕಡೆಗೆ ಹೋಗುವಂಥದ್ದು. ತುದಿಯಿಂದ ತುದಿಯವರೆಗೆ ಬೆರಳಿಟ್ಟು ಎರಡು ಸಲ ಹಿಂಬಾಲಿಸಿದೆ. ಮೂರನೆಯ ಸಲ ಮಾವನನ್ನು ಕರೆದು, ಇದು ಎಲ್ಲಿಗೆ ಹೋಗುತ್ತದೆ ನೋಡಿ ಹೇಳಿ ಎಂದೆ. ಮರದ ಸಾಲು ಎಣಿಸುವ ಹಾಗೆ ಬಗ್ಗಿ ನೋಡಿ, ‘ಮುಂದಲ ತೂತಿಗೇ ಕಣವ್ವ’ ಎಂದರು. ಉಗುರಿನಿಂದ ಕೊಂಡಿ ಒತ್ತಿ ಎಳೆದೆ. ಕಳಚಿಕೊಂಡಿತು.

ವೈರ್ ಹಾಕಿದೆ. ಹಚ್ಚಿದೆ. ಫ್ಯಾನುಗಳ ಸದ್ದು ಏರಿ ಇಳಿಯಿತು. ನಾನು ಪರದೆ ನೋಡಲಿಲ್ಲ, ಕೀಬೋರ್ಡಿನ ಮೂಲೆ ನೋಡುತ್ತಿದ್ದೆ. ಎರಡು ನಿಮಿಷವಾದ ಮೇಲೆ ಅಲ್ಲಿ ಹಸಿರು ದೀಪ ಹತ್ತಿತು. ಆಮೇಲೆ ಹಿಂದೆ ಗೋಡೆಯ ಮೇಲೆ ಪೆನ್‌ಡ್ರೈವಿನ ಕೆಂಪು ಬೆಳಕು ಮಿಣುಕಿದ್ದು ಕಾಣಿಸಿತು. ನೀಲಿ ಪರದೆ ಬರಲಿಲ್ಲ.

ಮರಗಳ ಪಟ್ಟಿ ತೆರೆದಾಗ ಮಾವ ಕನ್ನಡಕ ಹಾಕಿಕೊಂಡು ಬೆರಳಿನಿಂದ ಪರದೆ ಮುಟ್ಟಿದರು. ಮಾಯಸಂದ್ರ, ದಬ್ಬೇಘಟ್ಟ, ಹುಳಿಯಾರು, ಒಂದೊಂದೇ ಹೋಬಳಿ ತೆಗೆಸಿ ನೋಡಿದರು. ಎಲ್ಲ ಇದ್ದವು.

‘ತುಮಕೂರಿನೋನಿಗೆ ಏನ್ ಹೇಳ್ಲಿ?’ ಎಂದರು ಮ್ಯಾನೇಜರ್.

‘ಬರ್ಲಿ ಬುಡಪ್ಪ, ಎರಡು ಎಳನೀರು ಕುಡ್ಕಂಡ್ ಹೋಗ್ಲಿ. ಮೆಷಿನ್ ತಾವ ಮಾತ್ರ ತರ್ಬೇಡ’ ಎಂದರು ಮಾವ. ಅವತ್ತು ನಾನು ಮೊದಲ ಸಲ ನಕ್ಕೆ. ನಗು ಬಂದದ್ದೇ ಅಳುವೂ ಬಂತು. ಟೇಪಿನ ವಿಷಯ ಆಗ ಹೇಳಿದೆ. ನನಗೆ ಗೊತ್ತಿತ್ತು, ಫೋನಿನಲ್ಲೇ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ ಎಂದೆ.

ಮ್ಯಾನೇಜರ್ ತಲೆ ತಗ್ಗಿಸಿದರು. ಮಾವ ಮಾತ್ರ, ‘ನಾವೂ ಕರೀಬೌದಿತ್ತು. ಕರೀಲಿಲ್ಲ’ ಎಂದರು.

ಡಿಸ್ಕಿನ ಬೀಗಕ್ಕೆ ಪೆನ್‌ಡ್ರೈವ್ ಅಲ್ಲದೆ ಇನ್ನೊಂದು ದಾರಿಯಿದೆ, ನಲವತ್ತೆಂಟು ಅಂಕಿಯ ಒಂದು ಸಂಖ್ಯೆ. ನಮ್ಮವರು ಅದನ್ನು ಎಲ್ಲಿ ಬರೆದಿಟ್ಟಿದ್ದರೋ, ಅವರ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಮೆಷಿನ್ ತೆರೆದಿರುವಾಗ ಅದನ್ನು ಪರದೆಯ ಮೇಲೆ ತರಿಸಬಹುದು. ಹೊರಗಿನ ಒಂದು ಡಿಸ್ಕಿಗೆ ದಾಖಲೆಗಳನ್ನೆಲ್ಲ ಕಾಪಿಗೆ ಹಚ್ಚಿ, ಆ ಸಂಖ್ಯೆಯನ್ನು ತರಿಸಿದೆ. ಮ್ಯಾನೇಜರ್ ಪ್ರಿಂಟ್ ತೆಗೆಯೋಣ ಎಂದರು, ಪ್ರಿಂಟರಿನಲ್ಲಿ ಇಂಕ್ ಇರಲಿಲ್ಲ. ರಿಜಿಸ್ಟರಿನ ಒಂದು ಹಾಳೆ ಹರಿದುಕೊಂಡು ನಾನು ಬರೆಯತೊಡಗಿದೆ. ಆರಾರು ಅಂಕಿಯ ಎಂಟು ಗುಂಪು. ಮಾವ ಮರದ ಅಳತೆ ಹೇಳುವ ಗಟ್ಟಿ ದನಿಯಲ್ಲಿ ಒಂದೊಂದೇ ಓದಿದರು. ಕೊನೆಗೆ ತಾಳೆ ನೋಡಿದಾಗ ಐದನೆಯ ಗುಂಪಿನಲ್ಲಿ ನಾನು ಒಂದು ಅಂಕಿ ತಪ್ಪಿ ಬರೆದಿದ್ದೆ.

‘ಇನ್ನೊಂದ್ ಹಾಳೆ ತಗಳವ್ವ’ ಎಂದರು. ‘ಮೊದ್ಲಿಂದ ಓದ್ತೀನಿ.’