ಕೀಲಿ ಕೊಡದೆ ಉಳಿದ ನಾಲ್ಕು ತಿಂಗಳು

2016ರ ನವೆಂಬರ್ ಕೊನೆಯ ವಾರ, ಬಾಡಿಗೆ ಮನೆ ಖಾಲಿ ಮಾಡಬೇಕೆಂದು ನೋಟಿಸಿನಲ್ಲಿ ಬರೆದಿದ್ದ ದಿನ, ನನ್ನ ಪಕ್ಕದ ಮನೆಯಾಕೆ ಕೀಲಿ ಕೊಡಲಿಲ್ಲ.

ಲೀಡ್ಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ ಊರು, ಕಲ್ಲಿನ ಸಾಲುಮನೆಗಳ ಬೀದಿ. ಆಕೆ ವಿಜಯಪುರದವರು. ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಗಂಡ ಬಿಟ್ಟುಹೋಗಿ ಎರಡು ವರ್ಷವಾಗಿತ್ತು. ಈ ದೇಶದ ಪೌರತ್ವವಿತ್ತು. ನಾನು ಅವರನ್ನು ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತಿದ್ದೆ, ಅವರು ನನ್ನನ್ನು ಭಾಯಿ ಎನ್ನುತ್ತಿದ್ದರು.

ಅಷ್ಟು ಶ್ರೀಮಂತ ದೇಶದಲ್ಲಿ ಜನ ಮನೆಯಿಲ್ಲದವರಾಗುವುದು ಹೇಗೆ ಎಂದು ಊರಿನ ಗೆಳೆಯರು ಫೋನಿನಲ್ಲಿ ಕೇಳುತ್ತಾರೆ. ಕುಡಿತ ಇರಬೇಕು, ಬಾಡಿಗೆ ಕಟ್ಟಿರಲಿಕ್ಕಿಲ್ಲ ಎಂದು ಅವರೇ ಉತ್ತರವನ್ನೂ ಹೇಳುತ್ತಾರೆ. ಆಪಾ ಒಂದು ತಿಂಗಳೂ ಬಾಡಿಗೆ ತಪ್ಪಿಸಿರಲಿಲ್ಲ. ಮಾಲೀಕರಿಗೆ ಮನೆ ಮಾರಬೇಕಿತ್ತು, ಅಷ್ಟೆ. ಕಾರಣ ಹೇಳದೆಯೇ ಎರಡು ತಿಂಗಳ ನೋಟಿಸು ಕೊಡಲು ಆಗ ಇಂಗ್ಲೆಂಡಿನ ಕಾನೂನಿನಲ್ಲಿ ಅವಕಾಶವಿತ್ತು. ಅವರು ಕೊಟ್ಟರು. ಮಾಲೀಕರೂ ನಮ್ಮವರೇ: ಬೆಂಗಳೂರಿನವರು, ಮ್ಯಾಕಲ್ಸ್‌ಫೀಲ್ಡ್ ಕಡೆ ಎಂಜಿನಿಯರ್, ಮೃದು ಮಾತಿನ ಮನುಷ್ಯ. ಪ್ರತಿ ರಂಜಾನಿಗೆ ಆಪಾ ಅವರಿಗೆಂದು ಒಂದು ಡಬ್ಬಿ ಸುರಕುಂಬಾ ಪಾಯಸ ತೆಗೆದಿಡುತ್ತಿದ್ದರು.

ಬೇರೆ ಮನೆ ಹುಡುಕಿದರು. ಕೆಲಸದ ಪಾಳಿ ವಾರಕ್ಕೊಂದು ಥರ, ಸಂಬಳವೂ ಹಾಗೇ ಇದ್ದುದರಿಂದ ಬಾಡಿಗೆ ಏಜೆನ್ಸಿಗಳು ಜಾಮೀನು ಕೇಳಿದವು. ಜಾಮೀನು ನಿಲ್ಲುವವರಿಗೆ ಇಲ್ಲಿ ಸ್ವಂತ ಮನೆ ಇರಬೇಕು. ನಾನೂ ಬಾಡಿಗೆದಾರ, ನನ್ನ ಸಹಿ ನಡೆಯಲಿಲ್ಲ. ಸಹಿ ನಡೆಯುವಂಥ ನಾಲ್ಕು ಕನ್ನಡದ ಮನೆಗಳಿಗೆ ಹೋದೆ. ನಾಲ್ಕೂ ಕಡೆ ಚಹಾ ಕೊಟ್ಟರು.

ನನ್ನ ತಪ್ಪನ್ನೂ ಇಲ್ಲಿ ಬರೆಯಬೇಕು. ಇಲ್ಲಿಗೆ ಬರುವ ಮುಂಚೆ ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಹನ್ನೊಂದು ವರ್ಷ ಸುದ್ದಿ ಬರೆದವನು ನಾನು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಲ್ಲಿ ವಿಚಾರಿಸದೆ ಅಚ್ಚಿಗೆ ಕಳಿಸಬಾರದು ಎಂಬುದು ಅಲ್ಲಿ ಮೊದಲ ದಿನದ ಪಾಠ. ಆದರೂ ಆ ನೋಟಿಸನ್ನು ಓದಿ, ಅದರಲ್ಲಿ ಬರೆದ ದಿನವೇ ಕೀಲಿ ಕೊಟ್ಟರೆ ಒಳ್ಳೆಯ ಹೆಸರು ಉಳಿಯುತ್ತದೆ ಎಂದು ನಾನೇ ಹೇಳಿದೆ. ಬೇರೆ ಯಾರನ್ನೂ ಕೇಳಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಮಾಡುವುದೂ ಅದನ್ನೇ. ಗುಡಿಸಿ ಒರೆಸಿ, ಕೀಲಿಯನ್ನು ಮಾಲೀಕರ ಕೈಗಿಟ್ಟು, ಥ್ಯಾಂಕ್ಸ್ ಹೇಳಿ ಹೊರಡುತ್ತೇವೆ. ಆಪಾ ಓವನ್‌ನ ಒಳಭಾಗವನ್ನು ಮೂರು ದಿನ ತಿಕ್ಕಿದರು. ಗೋಡೆಯ ಮೊಳೆ ಕಿತ್ತು, ತೂತುಗಳಿಗೆ ಪುಟ್ಟಿ ತುಂಬಿ, ಮೇಲೆ ಬಣ್ಣ ಬಳಿದರು. ಇಬ್ಬರೂ ಕೂಡಿ ಸಾಮಾನನ್ನು ರಟ್ಟಿನ ಪೆಟ್ಟಿಗೆಗಳಿಗೆ ತುಂಬಿದೆವು.

ಕೊನೆಯ ದಿನ ಬೆಳಿಗ್ಗೆ, ಕೀಲಿ ಕೊಡುವ ಮುಂಚೆ, ತಂಗಲು ಜಾಗ ಕೇಳೋಣವೆಂದು ಕೌನ್ಸಿಲ್ ಕಚೇರಿಗೆ, ಅಂದರೆ ಮನೆಯಿಲ್ಲದವರ ಹೊಣೆ ಹೊತ್ತ ಇಲ್ಲಿನ ಪುರಸಭೆಗೆ, ಹೋದೆವು. ಕೌಂಟರಿನ ಅಧಿಕಾರಿ ನೋಟಿಸು ಓದಿ, ಕೀಲಿ ಕೊಟ್ಟಾಯಿತೇ ಎಂದು ಕೇಳಿದರು. ಇನ್ನೂ ಇಲ್ಲ ಎಂದೆವು. ಹಾಗಾದರೆ ಮನೆಗೆ ಹೋಗಿ ಅಲ್ಲೇ ಇರಿ ಎಂದರು. ನೋಟಿಸು ಕೊಡುವುದಷ್ಟೇ ಮಾಲೀಕರ ಕೆಲಸ, ಹೊರಗೆ ಹಾಕುವ ಅಧಿಕಾರ ಕೋರ್ಟಿನದು. ಕೋರ್ಟಿನ ಅಮೀನ ಬಾಗಿಲಿಗೆ ಬರುವ ಮುಂಚೆ ತಾವಾಗಿಯೇ ಹೊರಟರೆ, ಬೇಕೆಂದೇ ಮನೆ ಕಳೆದುಕೊಂಡವರು ಎಂದು ಫೈಲಿನಲ್ಲಿ ದಾಖಲಾಗಬಹುದು. ಆಮೇಲೆ ಖಾಯಂ ಮನೆ ಕೊಡುವ ಹೊಣೆ ಕೌನ್ಸಿಲಿನದಲ್ಲ.

ಇದನ್ನು ಬರೆದು ಕೊಡಿ ಎಂದೆ. ಹಾಗೆ ಬರೆದು ಕೊಡುವ ಪದ್ಧತಿ ಇಲ್ಲ ಎಂದರು. ನನ್ನ ನೋಟ್‌ಬುಕ್ಕಿನಲ್ಲಿ ಸಮಯ ಹಾಕಿ, ಅವರ ಮಾತನ್ನು ಬರೆದು, ಅವರಿಗೇ ಓದಿ ಹೇಳಿದೆ. ಅವರು ಒಂದು ಪದ ತಿದ್ದಿದರು.

ಬಸ್ಸು ಹಿಡಿದು ಮನೆಗೆ ಬಂದೆವು. ನಾಲ್ಕು ಜನರ ನಡುವೆ ಆಪಾ ಆಡುತ್ತಿದ್ದುದು ಬೆಂಗಳೂರಿನ ಕನ್ನಡ. ಮನೆಯ ಬಾಗಿಲು ತೆಗೆಯುವಾಗ ಬಂದದ್ದು ಊರಿನದು.

"ಹೇಳಿದ ದಿನಕ್ಕ ಸರಿಯಾಗಿ ಹ್ವಾದ್ರ ಬೀದಿ. ಹಟಾ ಹಿಡದು ಕುಂತ್ರ ಮನಿ. ಹೌದಿಲ್ರಿ ಭಾಯಿ?"

ಹೌದು ಎಂದೆ.

"ಸುತ್ತಿಗಿ ಯಾವ ಡಬ್ಬಿನ್ಯಾಗ ಐತಿ, ನೋಡ್ರಿ."

ಬಣ್ಣ ಬಳಿದಿದ್ದ ತೂತಿನ ಮೇಲೆಯೇ ಮೊಳೆ ಹೊಡೆದು ಗಡಿಯಾರ ತೂಗುಹಾಕಿದರು.

ಭಾನುವಾರ ಮಾಲೀಕರು ಬಂದರು. ಮನೆ ಕೊಳ್ಳುವವರು ಕಾಯುತ್ತಿದ್ದಾರೆ, ಮನೆಸಾಲದ ಕಂತು ಏರಿದೆ, ಕೋರ್ಟಿಗೆ ಹೋದರೆ ತಿಂಗಳುಗಟ್ಟಲೆ ಆಗುತ್ತದೆ ಎಂದರು. ಅವರು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಅನ್ನಿಸಲಿಲ್ಲ.

"ಅಕ್ಕ, ನೀವು ಹೀಗೆ ಮಾಡ್ತೀರಾ ಅಂತ ನಾನು ಅಂದ್ಕೊಂಡಿರ್ಲಿಲ್ಲ."

"ನಾನೂ ಅಂದ್ಕೊಂಡಿರ್ಲಿಲ್ಲ ಸರ್."

"ಮರ್ಯಾದೆಯಿಂದ ಕೀಲಿ ಕೊಟ್ಬಿಡಿ. ನಮ್ಮೋರು ನಮ್ಮೋರೇ ಕೋರ್ಟು ಅಂತ ಹೋದ್ರೆ ಜನ ಏನಂತಾರೆ?"

"ಕೋರ್ಟಿಗೆ ಹೋಗೋರು ನೀವು. ನಾನು ಎಲ್ಲಿಗೂ ಹೋಗ್ತಿಲ್ಲ. ಕೀಲಿ ಕೊಟ್ರೆ ನಿಮ್ ಮರ್ಯಾದೆ ಉಳಿಯುತ್ತೆ, ಈ ಮಕ್ಕಳನ್ನ ಎಲ್ಲಿ ಮಲಗಿಸ್ಲಿ ಹೇಳಿ. ಚಹಾ ಇಟ್ಟೀನಿ, ಕುಡ್ದು ಹೋಗಿ."

ಅವರು ಕುಡಿದು ಹೋದರು.

ನಂತರದ ವಾರಗಳಲ್ಲಿ ಆಪಾಗೆ ಬುದ್ಧಿ ಹೇಳಿ ಎಂದು ಇಬ್ಬರು ನನಗೆ ಫೋನ್ ಮಾಡಿದರು. ಒಬ್ಬರು ನಾನು ಜಾಮೀನು ಕೇಳಲು ಹೋಗಿದ್ದ ನಾಲ್ಕು ಮನೆಗಳಲ್ಲಿ ಒಂದರವರು. ಈಗಲೂ ಸಹಿ ಹಾಕಿದರೆ ನಾಳೆಯೇ ಮನೆ ಖಾಲಿಯಾಗುತ್ತದೆ ಎಂದೆ. ಕಾರು ಓಡಿಸುತ್ತಿದ್ದೇನೆ ಎಂದು ಫೋನ್ ಇಟ್ಟುಬಿಟ್ಟರು. ಇಲ್ಲಿನ ಕನ್ನಡ ಕೂಟದ ಸಂಕ್ರಾಂತಿ ಕಾರ್ಯಕ್ರಮಕ್ಕೆ ಆಪಾ ಹೋಗದೆ ಇರಲಿಲ್ಲ. ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕುಳಿತರು. ಮನೆ ಬಿಟ್ಟಿರಾ ಎಂದು ಕೇಳಿದವರಿಗೆಲ್ಲ, ಇಲ್ಲ ಎಂದು ಗಟ್ಟಿಯಾಗಿಯೇ ಹೇಳಿದರು.

ಜನವರಿ ಕೊನೆಗೆ ಕೋರ್ಟಿನ ಆದೇಶ ಬಂತು. ಆದೇಶದಲ್ಲೂ ಮನೆ ಬಿಡಲು ಒಂದು ದಿನ ಬರೆದಿತ್ತು. ಈ ಸಲ ನಾನು ಮೊದಲು ಕೌನ್ಸಿಲಿಗೆ ಫೋನ್ ಮಾಡಿ ಕೇಳಿದೆ. ಅಮೀನ ಇನ್ನೂ ಬಂದಿಲ್ಲ, ಕೂತಿರಿ ಎಂದರು. ಆಪಾ ಆ ದಿನವೂ ಕೆಲಸಕ್ಕೆ ಹೋಗಿ ಬಂದರು. ಕೆಳಗಿನ ಕೋಣೆಯಲ್ಲಿ ಪೆಟ್ಟಿಗೆಗಳ ಮೇಲೆ ಪುಸ್ತಕ ಇಟ್ಟುಕೊಂಡು ಮಕ್ಕಳು ಹೋಮ್‌ವರ್ಕ್ ಮಾಡುತ್ತಿದ್ದರು. ನಾವೇನು ಕಾನೂನು ಮುರಿಯುತ್ತಿದ್ದೇವೆಯೇ ಎಂದು ದೊಡ್ಡವಳು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ, ಕಾನೂನು ಹೇಳಿದ ಹಾಗೇ ಕೂತಿದ್ದೇವೆ ಎಂದು ಆಪಾ ಕನ್ನಡದಲ್ಲಿ ಹೇಳಿದರು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಒಂಬತ್ತಕ್ಕೆ ಅಮೀನ ಬಂದರು, ಜೊತೆಗೆ ಬೀಗ ಬದಲಿಸುವವನು. ಆದೇಶ ಓದಿದರು. ಆಪಾ ಕೀಲಿಯನ್ನು ಅವರ ಕೈಗೆ ಕೊಟ್ಟು, ಮನೆ ವಶಕ್ಕೆ ಪಡೆದ ಕಾಗದ ಇಸಿದುಕೊಂಡರು. ಹತ್ತೂವರೆಗೆ ನಾವು ಅದೇ ಕೌಂಟರಿನಲ್ಲಿದ್ದೆವು. ಅದೇ ಅಧಿಕಾರಿ ಕಾಗದ ನೋಡಿ, ಬೇಕೆಂದು ಮನೆ ಕಳೆದುಕೊಂಡವರಲ್ಲ ಎಂದು ದಾಖಲಿಸಿದರು. ಆಪಾ ಆ ಸಾಲಿನ ನಕಲು ಕೇಳಿ ಪಡೆದರು. ಮಧ್ಯಾಹ್ನ ಕೌನ್ಸಿಲಿನಿಂದ ತಾತ್ಕಾಲಿಕವಾಗಿ ಹೋಟೆಲಿನಲ್ಲಿ ಒಂದು ಕೋಣೆ ಸಿಕ್ಕಿತು. ಅಲ್ಲಿಂದ ಮಕ್ಕಳ ಶಾಲೆಗೆ ಎರಡು ಬಸ್ಸು.

ಆ ಸಾಲುಮನೆಯ ಮುಂದೆ ಮಾರಾಟದ ಫಲಕ ಬೇಸಿಗೆಯವರೆಗೆ ಇತ್ತು. ಆಮೇಲೆ ಬೇರೆ ಬಾಡಿಗೆದಾರರು ಬಂದರು. 2019ರ ಡಿಸೆಂಬರಿನ ಹೊತ್ತಿಗೆ ಆಪಾ ಮತ್ತು ಮಕ್ಕಳು ಕೌನ್ಸಿಲ್ ಕೊಟ್ಟ ಎರಡು ಮಲಗುವ ಕೋಣೆಗಳ ಫ್ಲಾಟಿನಲ್ಲಿದ್ದರು. ಬಾಡಿಗೆ ಕರಾರು ಆಪಾ ಹೆಸರಿನಲ್ಲಿತ್ತು.